ಕೊಟ್ಟಿಗೆಯದೆಂತ ಫೋಟೋ?

ಹೆಗಲಿಗೆ ಚೀಲ, ಕೈಯಲ್ಲಿ ಮೂರು ಕಾಲಿನ ಸ್ಟ್ಯಾಂಡು ಹಿಡಿದು ಯಾರದಾದರೂ ಅಂಗಳಕ್ಕೆ ಕಾಲಿಟ್ಟರೆ ಮೊದಲು ಬರುವುದು ನಾಯಿ, ಅದರ ಹಿಂದೆಯೇ ಅನುಮಾನ. ಸಾಗರ, ಹೊಸನಗರದ ಕಡೆ ಇಂಥ ವೇಷದಲ್ಲಿ ಬರುವವರು ಮೂರೇ ಬಗೆ: ಸರ್ವೆಯವರು, ಕರೆಂಟು ಲೈನಿನವರು, ಹಳೇ ಕಂಬ ಬಾಗಿಲು ಕೊಳ್ಳುವವರು. ಮೂವರಲ್ಲಿ ಯಾರು ಬಂದು ಹೋದರೂ ಮನೆಯದು ಏನಾದರೂ ಒಂದು ಅವರ ಹಿಂದೆ ಹೋಗುತ್ತದೆ. ನಾನು ಆ ಪೈಕಿ ಅಲ್ಲ ಎಂದು ಖಾತ್ರಿಯಾದ ಮೇಲೆ "ಆಸರಿಗೆ ಎಂತ ಕೊಡಲಿ?" ಎಂಬ ಮಾತು ಬರುತ್ತದೆ. ಮಜ್ಜಿಗೆ ಕುಡಿದು, ಲೋಟ ಜಗಲಿಯ ಅಂಚಿಗಿಟ್ಟು, ನಿಮ್ಮ ಕೊಟ್ಟಿಗೆಯ ಫೋಟೋ ತೆಗೆಯಬೇಕಿತ್ತು ಎಂದೆನೋ, ಆಗಷ್ಟೇ ಕರಗಿದ್ದ ಅನುಮಾನ ಮತ್ತೆ ಹೆಪ್ಪುಗಟ್ಟುತ್ತದೆ.

"ಕೊಟ್ಟಿಗೆಯದೆಂತ ಫೋಟೋ ಮಾರಾಯ್ರೆ? ಮನೇದು ತೆಗೀರಿ. ಅಜ್ಜನ ಕಾಲದ ಕಂಬ ಇದೆ."

ಕಂಬ ಇರುತ್ತದೆ, ಸುಳ್ಳಲ್ಲ. ಬೋದಿಗೆಯ ಮೇಲೆ ಬಳ್ಳಿ, ಬಳ್ಳಿಯ ತುದಿಯಲ್ಲಿ ಗಿಳಿ. ಆ ಗಿಳಿಗಳ ಫೋಟೋವನ್ನು ನನಗಿಂತ ಚೆನ್ನಾಗಿ ತೆಗೆದವರು ಎಷ್ಟೋ ಜನ ಇದ್ದಾರೆ. ನನ್ನ ಕಣ್ಣು ಅದೇ ಮನೆಯ ಹಿತ್ತಲ ಕಡೆಗೆ. ಕೊಟ್ಟಿಗೆ, ಅಡಿಕೆ ಬೇಯಿಸುವ ಮಾಡು, ಸೌದೆಮನೆ, ಒಂದು ಕಾಲದಲ್ಲಿ ಗಾಡಿ ನಿಲ್ಲುತ್ತಿದ್ದು ಈಗ ತೆಂಗಿನಕಾಯಿ ಸಿಪ್ಪೆ ತುಂಬಿದ ಇಳಿಮಾಡು. ಇವನ್ನೆಲ್ಲ ಕಟ್ಟಿದವನು ಶಿಲ್ಪಿಯಲ್ಲ. ಮನೆಯವರೇ, ನಾಲ್ಕು ಆಳು ಸೇರಿಸಿಕೊಂಡು, ಒಂದು ಬೇಸಿಗೆಯಲ್ಲಿ ಎಬ್ಬಿಸಿದ್ದು.

ಇನ್ನೊಂದು ವಿಷಯ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಕೊಟ್ಟಿಗೆಗಳ ಫೋಟೋ ತೆಗೆಯಲು ಕಲಿತದ್ದು ಬ್ಯಾಂಕಿನ ನೌಕರಿಯಲ್ಲಿ. ಐ.ಆರ್.ಡಿ.ಪಿ. ಎಂಬ ನಾಲ್ಕಕ್ಷರ ಹಳ್ಳಿಹಳ್ಳಿಗೂ ಬಾಯಿಪಾಠವಾಗಿದ್ದ ಎಂಬತ್ತರ ದಶಕ. ದನದ ಸಾಲ ಕೊಟ್ಟ ಮೇಲೆ ದನ ನಿಜಕ್ಕೂ ಇದೆಯೋ ಎಂದು ನೋಡಿ ಬರಬೇಕಿತ್ತು. ಫೋಟೋಕ್ಕೆ ನಮ್ಮದೇ ಒಂದು ಲಕ್ಷಣಶಾಸ್ತ್ರ: ದನ ಇಡಿಯಾಗಿ ಕಾಣಬೇಕು, ಕಿವಿಯಲ್ಲಿ ವಿಮೆಯ ಬಿಲ್ಲೆ ಕಾಣಬೇಕು, ಪಕ್ಕದಲ್ಲಿ ಸಾಲಗಾರ ನಿಂತಿರಬೇಕು. ಹಿಂದಿನ ಕಟ್ಟಡ ಕಂಡರೂ ಸರಿ, ಬಿಟ್ಟರೂ ಸರಿ. ಹಣೆಯ ಮೇಲೆ ಬಿಳಿ ಚುಕ್ಕೆಯಿದ್ದ ಒಂದೇ ಎಮ್ಮೆ ಒಂದೇ ಊರಿನ ಮೂವರು ಸಾಲಗಾರರ ಪಕ್ಕದಲ್ಲಿ ನಿಂತು ಗಂಭೀರವಾಗಿ ಫೋಟೋ ತೆಗೆಸಿಕೊಂಡದ್ದೂ ಇದೆ. ಮೂರನೆಯ ಫೋಟೋ ಹೊತ್ತಿಗೆ ಅದಕ್ಕೆ ಅಭ್ಯಾಸವಾಗಿತ್ತೆಂದು ಕಾಣುತ್ತದೆ, ಹೇಳದೆಯೇ ಮುಖ ತಿರುಗಿಸಿತು. ನಿವೃತ್ತನಾದ ಮೇಲೆ ಒಳ್ಳೆಯ ಕ್ಯಾಮೆರಾ ಕೊಂಡೆ. ದನ ಬಿಟ್ಟು ಕಟ್ಟಡ ಹಿಡಿದೆ. ಈಗಲೂ ಕೆಲವು ಅಂಗಳಗಳಲ್ಲಿ ನನ್ನ ಮುಖ ನೋಡಿದ ಯಜಮಾನರು "ಸಾಲದ ಸಾಹೇಬ್ರಲ್ವಾ?" ಎನ್ನುತ್ತಾ ಒಳಗೆ ಯಾರಿಗೋ ಕಣ್ಸನ್ನೆ ಮಾಡುತ್ತಾರೆ.

ಸಾಗರದಿಂದ ಇಕ್ಕೇರಿಗೆ ಅರ್ಧ ಗಂಟೆಯೂ ಬೇಡ. ಅಲ್ಲಿ ಅಘೋರೇಶ್ವರ ದೇವಸ್ಥಾನವಿದೆ. ಕೆಳದಿಯ ನಾಯಕರು ಇಕ್ಕೇರಿಯನ್ನು ರಾಜಧಾನಿ ಮಾಡಿಕೊಂಡಿದ್ದ ಕಾಲದ್ದು. ಒಳಗೆ ನೆಲದ ಕಲ್ಲಿನಲ್ಲಿ ಮೂವರು ನಾಯಕರು ಅಡ್ಡಬಿದ್ದ ಹಾಗೆ ಕೆತ್ತಿದ್ದಾರೆ. ನೋಡದೆ ನಡೆದರೆ ಕಾಲು ಅವರ ಮೇಲೆಯೇ ಬೀಳುತ್ತದೆ. ಹೊರಗೆ ಪುರಾತತ್ವ ಇಲಾಖೆಯ ಫಲಕ, ತಂತಿಬೇಲಿ, ಕತ್ತರಿಸಿದ ಹುಲ್ಲು. ಬೇಲಿಯಾಚೆ ಇಳಿದರೆ ಅಡಿಕೆ ತೋಟ, ತೋಟದ ತಲೆಯ ಮೇಲೆ ಮನೆ, ಮನೆಯ ಪಕ್ಕ ಕೊಟ್ಟಿಗೆ. ಇವುಗಳಿಗೆ ಫಲಕವಿಲ್ಲ. ನನಗೆ ಮಾತ್ರ ಎರಡೂ ಒಂದೇ ಜಮಾಖರ್ಚಿನ ಎರಡು ಬದಿ ಎನ್ನಿಸುತ್ತದೆ. ದೇವಸ್ಥಾನದ ಕಲ್ಲು ಎದ್ದದ್ದು ತೋಟದ ದುಡ್ಡಿನಲ್ಲಿ, ತೋಟ ಎದ್ದದ್ದು ಕೊಟ್ಟಿಗೆಯ ಗೊಬ್ಬರದಲ್ಲಿ.

ಆ ದುಡ್ಡಿನ ಲೆಕ್ಕ ಹಾಕಿದವನು ಶಿವಪ್ಪನಾಯಕ. 1645ರಿಂದ 1660ರವರೆಗೆ ಆಳಿದ ಅವನ ಹೆಸರಿನ ಜೊತೆ ಇಂದಿಗೂ ಅಂಟಿಕೊಂಡಿರುವ ಮಾತು 'ಶಿಸ್ತು'. ನಮ್ಮ ಶಾಲೆಯ ಡ್ರಿಲ್ ಮಾಸ್ತರರು ಹೇಳುತ್ತಿದ್ದ ಶಿಸ್ತಲ್ಲ, ಭೂಮಿಯ ಮೇಲಿನ ತೆರಿಗೆಯ ನಿಗದಿ. ಪ್ರತಿ ಊರಿನಲ್ಲೂ ಒಂದೊಂದು ತರದ ಒಂದೊಂದು ಗದ್ದೆಯನ್ನು ತಾನೇ ಹನ್ನೆರಡು ವರ್ಷ ಬೇಸಾಯ ಮಾಡಿಸಿ, ಬಿತ್ತಿದ್ದೆಷ್ಟು, ಖರ್ಚೆಷ್ಟು, ಬೆಳೆದದ್ದೆಷ್ಟು ಎಂದು ಬರೆಸಿಟ್ಟು, ಆ ಮೇಲೆ ಕಂದಾಯ ಕಟ್ಟಿದನೆಂದು ರೈಸ್ ಸಾಹೇಬರ ಮೈಸೂರು ಗೆಜೆಟಿಯರ್ ಹೇಳುತ್ತದೆ. ಬ್ಯಾಂಕಿನಲ್ಲಿ ಬೆಳೆಸಾಲ ಕೊಡುವಾಗ ನಾವು ಹನ್ನೆರಡು ನಿಮಿಷ ಯೋಚಿಸಿದ್ದೂ ಅಪರೂಪ. ಅವನ ಜನ ಗದ್ದೆ ಅಳೆದರು, ಅಡಿಕೆ ಮರ ಎಣಿಸಿದರು. ಅವನ ಮೊಮ್ಮಕ್ಕಳ ಕಾಲವೆಲ್ಲ ದಾಟಿ, ಹೈದರಾಲಿ 1763ರಲ್ಲಿ ಬಿದನೂರನ್ನು ಹಿಡಿದು, ಅವನ ಮಗನೂ ಹೋದ ಮೇಲೆ ಫ್ರಾನ್ಸಿಸ್ ಬುಕನನ್ ಎಂಬ ಸ್ಕಾಟ್ಲೆಂಡಿನ ವೈದ್ಯ 1801ರಲ್ಲಿ ಈ ದಾರಿಯಲ್ಲೇ ಬಂದ. ಅಡಿಕೆ ತೋಟ ಹೇಗೆ ಮಾಡುತ್ತಾರೆ, ಗೊಬ್ಬರ ಎಷ್ಟು ಹಾಕುತ್ತಾರೆ ಎಂದು ಕೇಳಿಕೇಳಿ ಬರೆದುಕೊಂಡ. ಇವರೆಲ್ಲ ನನಗೆ ವೃತ್ತಿಬಾಂಧವರ ಹಾಗೆ ಕಾಣುತ್ತಾರೆ. ಎಲ್ಲರೂ ಕೊಟ್ಟಿಗೆಯ ಮುಂದೆಯೇ ಹಾದು ಹೋದವರು, ಎಲ್ಲರ ಕಣ್ಣೂ ಅದರಿಂದ ಬರುವ ಉತ್ಪತ್ತಿಯ ಮೇಲೆ.

ಕೊಟ್ಟಿಗೆಯ ಎದುರು ಸುಮ್ಮನೆ ಒಂದು ಗಂಟೆ ಕೂತರೆ ಮಲೆನಾಡಿನ ಬೇಸಾಯವೇ ಕಣ್ಣ ಮುಂದೆ ಹಾಯುತ್ತದೆ. ಬೆಳಿಗ್ಗೆ ಸೊಪ್ಪಿನ ಬೆಟ್ಟದಿಂದ ಹೊರೆ ಸೊಪ್ಪು ಬರುತ್ತದೆ, ಬೇಸಿಗೆಯಲ್ಲಾದರೆ ಗುಡಿಸಿ ತಂದ ದರಕು. ಅದನ್ನು ದನದ ಕಾಲಡಿಗೆ ಹಾಸುತ್ತಾರೆ. ದನ ಅದರ ಮೇಲೆ ಮಲಗಿ, ತುಳಿದು, ಸೆಗಣಿ ಗಂಜಲ ಬೆರೆಸಿ ಕೊಡುತ್ತದೆ. ಅದು ಗುಂಡಿಗೆ, ಗುಂಡಿಯಿಂದ ತೋಟಕ್ಕೆ. ಉತ್ತರ ಕನ್ನಡದ ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟದ ಹಕ್ಕು ಬಿಟ್ಟುಕೊಟ್ಟದ್ದು ಸುಮ್ಮನಲ್ಲ, ತೋಟದ ಹಸಿವು ಅಷ್ಟಿತ್ತು. ಕಾಡು ತೋಟವಾಗುವ ಗಿರಣಿ ಇದ್ದದ್ದು ಈ ಕೊಟ್ಟಿಗೆಯೊಳಗೆ. ಹಾಗಾಗಿಯೇ ಅದರ ನೆಲ ಅಂಗಳಕ್ಕಿಂತ ತಗ್ಗು, ಗುಂಡಿ ಅದಕ್ಕಿಂತ ತಗ್ಗು, ತೋಟ ಎಲ್ಲಕ್ಕಿಂತ ತಗ್ಗು. ಹೊರುವವನ ಬೆನ್ನು ನೋಡಿಕೊಂಡು ಇಟ್ಟ ಇಳಿಜಾರು ಅದು.

ಬಾಗಿಲು ಮಾತ್ರ ನನಗೆ ಬಹಳ ದಿನ ಒಗಟಾಗಿತ್ತು. ಹಳೆಯ ಕೊಟ್ಟಿಗೆಗಳ ಬಾಗಿಲು ಎಷ್ಟು ಗಿಡ್ಡ ಎಂದರೆ ಹಣೆಗೆ ಪೆಟ್ಟು ತಿನ್ನದೆ ಒಳಹೋದ ದಿನ ನನ್ನ ಲೆಕ್ಕದಲ್ಲಿ ಕಡಿಮೆ. ಮರ ಉಳಿಸಲಿಕ್ಕಿರಬೇಕು, ಮಳೆ ಎರಚಲಿಗಿರಬೇಕು ಎಂದೆಲ್ಲ ತರ್ಕ ಮಾಡಿದ್ದೆ. ಹೊಸನಗರದ ಕಡೆ ಒಬ್ಬರು ನಕ್ಕುಬಿಟ್ಟರು. "ಬಾಗಿಲು ನಿಮಗಲ್ಲ, ದನಕ್ಕೆ ಮಾಡಿದ್ದು." ಮಲೆನಾಡು ಗಿಡ್ಡ ತಳಿಯ ಹಸುವಿನ ಎತ್ತರ ಮೂರಡಿಯ ಆಸುಪಾಸು. ಅದು ಕತ್ತು ಬಗ್ಗಿಸದೆ ಒಳಹೋಗುತ್ತದೆ. ಅವರ ಮನೆಗೆ ಜರ್ಸಿ ಬಂದಾಗ ಅದು ಬಾಗಿಲಲ್ಲಿ ನಿಂತು ಒಳಗೆ ಬರಲು ಒಪ್ಪಲಿಲ್ಲವಂತೆ. ಮೇಲಿನ ಅಡ್ಡಪಟ್ಟಿಯನ್ನು ಗರಗಸದಲ್ಲಿ ಕೊಯ್ದು ದಾರಿ ಮಾಡಿದರು. ಆ ಕೊಯ್ದ ಗುರುತು ಇನ್ನೂ ಇದೆ, ಅದರ ಫೋಟೋವೂ ನನ್ನ ಹತ್ತಿರ ಇದೆ. ಜರ್ಸಿಗೆ ಸಾಲ ಕೊಟ್ಟದ್ದು ಯಾವ ಬ್ಯಾಂಕು ಎಂದು ನಾನು ಕೇಳಲಿಲ್ಲ.

ಫೋಟೋ ತೆಗೆಯುವ ಕಸುಬಿನ ಬಗ್ಗೆ ಎರಡು ಮಾತು ಹೇಳಲೇಬೇಕು, ಇಲ್ಲದಿದ್ದರೆ ಇದು ಬರೀ ಅಲೆದಾಟದ ಕಥೆಯಾಗುತ್ತದೆ. ಜರ್ಮನಿಯಲ್ಲಿ ಬೆರ್ನ್ಡ್ ಮತ್ತು ಹಿಲ್ಲಾ ಬೆಷರ್ ಎಂಬ ದಂಪತಿ ಇದ್ದರು. ನೀರಿನ ಗೋಪುರ, ಗಣಿಯ ಕಟ್ಟಡ, ಕಾರ್ಮಿಕರ ಮರದ ಚೌಕಟ್ಟಿನ ಮನೆ, ಇಂಥವನ್ನೇ ಜೀವಮಾನವಿಡೀ ತೆಗೆದರು. ಬಿಸಿಲಿದ್ದರೆ ತೆಗೆಯುವುದಿಲ್ಲ, ಮೋಡ ಕವಿದು ನೆರಳಿಲ್ಲದ ಬೆಳಕು ಬೇಕು, ಕಟ್ಟಡ ನೆಟ್ಟಗೆ ಎದುರಿಗೆ ನಿಲ್ಲಬೇಕು, ಜನ ಇರಬಾರದು. ಇದನ್ನು ಓದಿ ನನಗೆ ಹುಮ್ಮಸ್ಸು ಬಂತು. ಮೋಡದ ಬೆಳಕಿಗೆ ಮಲೆನಾಡಿನಲ್ಲಿ ಬರಗಾಲವೇ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಕಾದಷ್ಟು. ಆದರೆ ಆ ಮೋಡ ಸುಮ್ಮನೆ ಇರುವುದಿಲ್ಲ, ಸುರಿಯುತ್ತದೆ. ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಲೆನ್ಸ್ ಒರೆಸುವ ಬಟ್ಟೆ. ಕಾಲಿನ ಉಂಬಳ ಕೀಳಲು ಮೂರನೆಯ ಕೈ ಬೇಕು. ಜರ್ಮನಿಯಲ್ಲಿ ಉಂಬಳ ಇದ್ದಿದ್ದರೆ ಆ ದಂಪತಿ ಸ್ಟುಡಿಯೋ ಇಟ್ಟುಕೊಳ್ಳುತ್ತಿದ್ದರು ಎನ್ನುವುದು ನನ್ನ ಖಾಸಗಿ ಅಭಿಪ್ರಾಯ.

ಒಳಗಿನ ಚಿತ್ರ ಇನ್ನೂ ಕಷ್ಟ. ಹೊರಗಿನಿಂದ ಬಂದವನಿಗೆ ಕೊಟ್ಟಿಗೆ ಎಂದರೆ ಒಂದು ಕಪ್ಪು. ಸ್ಟ್ಯಾಂಡು ಊರಿ, 8 ಸೆಕೆಂಡು ತೆರೆದಿಟ್ಟರೆ ಆ ಕಪ್ಪಿನೊಳಗಿಂದ ಒಂದೊಂದೇ ಈಚೆ ಬರುತ್ತವೆ: ಹುಲ್ಲಿನ ಅಟ್ಟ, ತೊಲೆಗೆ ಸಿಕ್ಕಿಸಿದ ಕತ್ತಿ, ಕಣ್ಣಿಹಗ್ಗ ಉಜ್ಜಿ ಉಜ್ಜಿ ಸೊಂಟ ಸಣ್ಣದಾದ ಗೂಟ. ಮಾಡಿನಲ್ಲಿ ಎಲ್ಲೋ ಒಂದು ಗಾಜಿನ ಹೆಂಚು ಇದ್ದರೆ ನನ್ನ ಪುಣ್ಯ. ಅದರಿಂದ ಇಳಿಯುವ ಬೆಳಕಿನ ಕೋಲು ಹನ್ನೊಂದು ಗಂಟೆಗೆ ಗೋಡೆಯ ಮೇಲೆ, ಒಂದು ಗಂಟೆಗೆ ಬಾನಿಯ ಮೇಲೆ.

ಹೆಂಚು ಎಂದದ್ದಕ್ಕೆ ನೆನಪಾಯಿತು. ಅಟ್ಟ ಹತ್ತಿ ಹೆಂಚಿನ ಹೊಟ್ಟೆ ಓದುವುದು ನನ್ನ ಇನ್ನೊಂದು ಚಟ. ಒಳಮೈಯಲ್ಲಿ ಕಾರ್ಖಾನೆಯ ಹೆಸರು ಉಬ್ಬಿರುತ್ತದೆ. ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅಲ್ಲಿಂದ ಹೆಂಚು ಘಟ್ಟ ಹತ್ತಿ ಬಂದು ಸೋಗೆ, ಹುಲ್ಲಿನ ಮಾಡುಗಳನ್ನು ಒಂದೊಂದಾಗಿ ಇಳಿಸಿತು. ಬಂದ ಕ್ರಮವೂ ಗೊತ್ತಾಗುತ್ತದೆ. ಮೊದಲು ಮನೆಗೆ, ಹತ್ತಿಪ್ಪತ್ತು ವರ್ಷದ ಮೇಲೆ ಅಡಿಕೆ ಮಾಡಿಗೆ, ಕಡೆಗೆ ಕೊಟ್ಟಿಗೆಗೆ. ಕೊಟ್ಟಿಗೆಗೆ ಹೊಸ ಹೆಂಚು ಸಿಗುವುದು ಎಲ್ಲಿಂದ? ಮನೆಗೆ ಹೊಸದು ಹೊದಿಸಿದಾಗ ಇಳಿದ ಹಳೆಯದು. ಹಾಗಾಗಿ ಎಷ್ಟೋ ಊರಿನಲ್ಲಿ ಮನೆಗಿಂತ ಕೊಟ್ಟಿಗೆಯ ಹೆಂಚೇ ವಯಸ್ಸಿನಲ್ಲಿ ಹಿರಿದು. ಅಣ್ಣನ ಅಂಗಿ ತಮ್ಮನಿಗೆ ಬಂದ ಹಾಗೆ ತೊಲೆ, ಕದ, ಬಾನಿ, ಎಲ್ಲ ಮನೆಯಿಂದ ಕೊಟ್ಟಿಗೆಗೆ ಬರುತ್ತವೆ. ಒಂದು ಕಡೆ ಮೇವಿನ ಬಾನಿಯಾಗಿ ಇಟ್ಟಿದ್ದ ಹಲಗೆಯ ಒಳಬದಿಯಲ್ಲಿ ಅರ್ಧ ಕಮಲ ಕಂಡಿತು, ಯಾವುದೋ ಕಾಲದ ದೇವರ ಮನೆಯ ಕದದ ತುಂಡು. ಹಸು ದಿನಕ್ಕೆರಡು ಸಲ ಆ ಕಮಲ ನೆಕ್ಕುತ್ತಿತ್ತು.

ಬಣ್ಣದ ಮಾತೂ ಇದೆ. ಮದ್ದು ಹೊಡೆಯುವ ಸಾಮಾನು ಇಡುವ ಮಾಡಿನ ಗೋಡೆಗಳು ಆಕಾಶದ ನೀಲಿ. ಯಾರೂ ಬಳಿದದ್ದಲ್ಲ, ಬೋರ್ಡೋ ದ್ರಾವಣ ಚೆಲ್ಲಿ, ಎರಚಿ, ಕೈ ಒರೆಸಿ ಆದದ್ದು. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು, ಕೊಳೆರೋಗಕ್ಕೆ ಇವತ್ತಿಗೂ ಅದೇ ಮದ್ದು. ಕಳೆದ ಶತಮಾನದ ಮೊದಲ ದಶಕಗಳಲ್ಲಿ ಮೈಸೂರು ಸರ್ಕಾರದಲ್ಲಿದ್ದ ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ ಇದನ್ನು ಅಡಿಕೆಗೆ ರೂಢಿಗೆ ತಂದರು. ಅದಕ್ಕೂ ಮೊದಲು ಗೊನೆಗೊನೆಗೆ ಕೊಟ್ಟೆ ಕಟ್ಟುತ್ತಿದ್ದರು. ಒಂದು ಗೋಡೆಯಲ್ಲಿ ನೀಲಿಯ ನಡುವೆ ಮನುಷ್ಯನ ಅಂಗೈ ಅಚ್ಚಾಗಿ ಒತ್ತಿತ್ತು. ಅದರ ಚಿತ್ರವನ್ನು ಬೆಂಗಳೂರಿನ ಗೆಳೆಯನೊಬ್ಬ ನೋಡಿ, ಇದು ಯಾವ ಕಲಾವಿದನದು ಎಂದು ಕೇಳಿದ. ಮದ್ದು ಹೊಡೆಯುವವನು ಮರದಿಂದ ಇಳಿದು ಬಂದು ಸುಸ್ತಿಗೆ ಗೋಡೆ ಹಿಡಿದು ನಿಂತದ್ದು ಎಂದೆ. ಅವನಿಗೆ ಸ್ವಲ್ಪ ನಿರಾಸೆಯಾಯಿತು.

ಇನ್ನು ಅಡಿಕೆ ಬೇಯಿಸುವ ಮಾಡು. ಇದರ ಎದುರು ನನ್ನ ಇಡೀ ಹವ್ಯಾಸವೇ ತಲೆ ತಗ್ಗಿಸಿ ನಿಂತ ದಿನವೊಂದಿದೆ. ಸಾಗರದ ಒಂದು ಹಳ್ಳಿ, ಊರು ಬೇಡ. ಜಂಬಿಟ್ಟಿಗೆ ಕಲ್ಲಿನ ಮೂರು ಗೋಡೆ, ನಾಲ್ಕನೆಯ ಬದಿ ಖಾಲಿ, ಒಳಗೆ ಹಂಡೆ ಕೂರುತ್ತಿದ್ದ ಒಲೆ. ಮಾಡು ಅರ್ಧ ಕುಸಿದು ಬಿದ್ದ ಬೆಳಕಿನಲ್ಲಿ ಒಲೆಯ ಬಾಯಲ್ಲಿ ಒಂದು ಜರಿಗಿಡ. ನಾನು ಹಿಗ್ಗಿಹೋಗಿ ನಾಲ್ಕು ಕೋನದಿಂದ ತೆಗೆದೆ. ಯಜಮಾನರು ಕೈಕಟ್ಟಿ ನೋಡುತ್ತಿದ್ದರು. ಎಷ್ಟು ಹಳೆಯದು ಎಂದು ಕೇಳಿದೆ.

"ನೂರು ವರ್ಷ ಆಗಿರಬಹುದು. ಬಿದ್ದದ್ದು ಮಾತ್ರ ಹೋದ ಮಳೆಗಾಲ."

"ನೂರು ವರ್ಷ ನಿಂತದ್ದು ಈಗ ಯಾಕೆ ಬಿತ್ತು?"

"ಹೊಗೆ ನಿಂತಿತಲ್ಲ, ಅದಕ್ಕೆ."

ಅವರು ವಿವರಿಸಿದರು. ಕೊನೆ ಕೊಯ್ಲು ಶುರುವಾದರೆ ತಿಂಗಳುಗಟ್ಟಲೆ ಒಲೆ ಆರುತ್ತಿರಲಿಲ್ಲ. ರಾತ್ರಿ ಹನ್ನೆರಡರವರೆಗೆ ಹೆಂಗಸರು ಮೆಟ್ಟುಗತ್ತಿಯ ಮುಂದೆ ಕೂತು ಸುಲಿಯುತ್ತಿದ್ದರು, ಹಂಡೆಯಲ್ಲಿ ಚೊಗರು ಕುದಿಯುತ್ತಿತ್ತು. ಹೊಗೆ ಪಕಾಸಿಯನ್ನೆಲ್ಲ ಸುತ್ತಿ, ಹೆಂಚಿನ ಸಂದಿಯಿಂದ ಹೊರಗೆ ಹೋಗುತ್ತಿತ್ತು. ವರ್ಷ ವರ್ಷ ಇಲ್ಲಣ ಕಟ್ಟಿ ಮರ ಕಪ್ಪಗೆ ಕಬ್ಬಿಣದಂತೆ ಆಯಿತು. ವರಲೆ ಹತ್ತಲಿಲ್ಲ, ಕುಟ್ಟೆ ಹಿಡಿಯಲಿಲ್ಲ. ಆಮೇಲೆ ಮಕ್ಕಳು ಬೆಂಗಳೂರಿಗೆ ಹೋದರು, ಸುಲಿಯುವವರು ಸಿಗಲಿಲ್ಲ, ಅಡಿಕೆಯನ್ನು ಹಸಿಯಾಗಿಯೇ ಚೇಣಿಯವರಿಗೆ ಕೊಟ್ಟರು. ಅವರು ತಮ್ಮ ಅಂಗಳದಲ್ಲಿ ಯಂತ್ರ ಇಟ್ಟು ಸುಲಿದುಕೊಳ್ಳುತ್ತಾರೆ. ಇಲ್ಲಿ ಒಲೆ ಆರಿ ಏಳೆಂಟು ವರ್ಷ. ನೂರು ವರ್ಷದ ಮಳೆ ಮಾಡದ ಕೆಲಸವನ್ನು ವರಲೆ ಅಷ್ಟರಲ್ಲಿ ಮಾಡಿ ಮುಗಿಸಿತ್ತು.

ಅಲ್ಲಿಂದ ಕೆಳಗಿಳಿದರೆ ಅವರ ದಾಯಾದಿಗಳ ಮನೆ. ಅವರ ಅಡಿಕೆ ಮಾಡು ಅದೇ ಕಾಲದ್ದು, ಅದೇ ಕಲ್ಲು, ಇನ್ನೂ ಬೇಯಿಸುತ್ತಾರೆ. ಗಟ್ಟಿಮುಟ್ಟಾಗಿತ್ತು. ಮುಂದೆ ನೀಲಿ ತಾಡಪಾಲು, ಪಕ್ಕಕ್ಕೆ ಸುಲಿಯುವ ಯಂತ್ರ, ಮೇಲೆ ಅರ್ಧ ತಗಡು, ಪ್ಲಾಸ್ಟಿಕ್ ಬುಟ್ಟಿಗಳ ರಾಶಿ, ಟ್ಯೂಬ್‌ಲೈಟು. ಕ್ಯಾಮೆರಾ ತೆಗೆದು, ನೋಡಿ, ಮತ್ತೆ ಚೀಲಕ್ಕಿಟ್ಟೆ. ಬಸ್ಸಿಗೆ ಕಾಯುವಾಗ ಹೊಳೆಯಿತು: ಬದುಕಿದ್ದನ್ನು ಬಿಟ್ಟು ಸತ್ತದ್ದನ್ನು ತೆಗೆದುಕೊಂಡು ಬಂದಿದ್ದೆ. ಮರುವಾರ ಹೋಗಿ ತಾಡಪಾಲಿನ ಸಮೇತ ತೆಗೆದೆ. ಚಿತ್ರ ಚೆನ್ನಾಗಿ ಬರಲಿಲ್ಲ. ನನಗೆ ತಾಡಪಾಲು ತೆಗೆಯಲು ಬರುವುದಿಲ್ಲ, ಅಷ್ಟೆ. "ಆ ಬಕೆಟ್ಟು ಸ್ವಲ್ಪ ಆಚೆ ಇಡ್ತೀರಾ?" ಎಂದು ಎಷ್ಟು ಅಂಗಳಗಳಲ್ಲಿ ಕೇಳಿದ್ದೇನೆಂದು ಲೆಕ್ಕವಿಟ್ಟಿಲ್ಲ.

ಈ ರೋಗ ನನ್ನೊಬ್ಬನದಲ್ಲ. ಸಿಯಾಟಲ್‌ನಲ್ಲಿರುವ ಅಕ್ಕನ ಮಗಳು ವಯೋಮಿಂಗಿಗೆ ಪ್ರವಾಸ ಹೋಗಿ ಒಂದು ಫೋಟೋ ಕಳಿಸಿದ್ದಳು. ಟೀಟನ್ ಪರ್ವತಗಳ ಕೆಳಗೆ ಮಾರ್ಮನ್ ರೋ ಎಂಬಲ್ಲಿ ಮೋಲ್ಟನ್ ಮನೆತನದವರ ಹಳೆಯ ಬಾರ್ನ್. ಬಾರ್ನ್ ಎಂದರೆ ನಮ್ಮ ಕೊಟ್ಟಿಗೆ, ಕಣಜ, ಹುಲ್ಲುಮನೆ ಮೂರನ್ನೂ ಒಂದೇ ಮಾಡಿನಡಿ ಸೇರಿಸಿದ ಹಾಗೆ. ಅದನ್ನು ಕಟ್ಟಿದ ರೈತನಿಗೆ ಪೂರ್ತಿ ಮಾಡಲು ಸುಮಾರು ಮೂವತ್ತು ವರ್ಷ ಹಿಡಿಯಿತಂತೆ, ಕೈಲಿ ದುಡ್ಡಿದ್ದಾಗ ಒಂದು ಬದಿ, ಮತ್ತೆ ದುಡ್ಡಾದಾಗ ಇನ್ನೊಂದು. ಈ ಕ್ರಮ ನಮಗೂ ಗೊತ್ತಿರುವುದೇ. ಈಗ ಅದರೊಳಗೆ ದನವಿಲ್ಲ, ಹುಲ್ಲಿಲ್ಲ, ಸುತ್ತಲಿನದು ರಾಷ್ಟ್ರೀಯ ಉದ್ಯಾನ. ಬೆಳಗಿನ ಜಾವ ಎದ್ದು ಹೋದರೂ ಸ್ಟ್ಯಾಂಡು ಊರಲು ಜಾಗವಿರಲಿಲ್ಲ ಮಾವಾ, ತಿರುಪತಿ ಕ್ಯೂ ಇದ್ದ ಹಾಗಿತ್ತು ಎಂದು ಬರೆದಿದ್ದಳು. ಅಮೆರಿಕದಲ್ಲಿ ಅತಿ ಹೆಚ್ಚು ಫೋಟೋ ತೆಗೆಸಿಕೊಂಡ ಬಾರ್ನ್ ಎಂಬ ಕಲ್ಪನೆಯನ್ನೇ ಹಿಡಿದು ಡಾನ್ ಡೆಲಿಲೋ 'ವೈಟ್ ನಾಯ್ಸ್' ಎಂಬ 1985ರ ಕಾದಂಬರಿಯಲ್ಲಿ ಗೇಲಿ ಮಾಡಿದ್ದಾನೆ: ಅಲ್ಲಿಗೆ ಹೋದವರು ಯಾರೂ ಬಾರ್ನ್ ನೋಡುವುದಿಲ್ಲ.

ಶರಾವತಿಯ ಹಿನ್ನೀರಿನ ಕಡೆ ಹೋದರೆ ಮಾತ್ರ ನಾನು ಬಕೆಟ್ಟು ಸರಿಸಲು ಹೇಳುವುದಿಲ್ಲ. 1948ರ ಹಿರೇಭಾಸ್ಕರ ಅಣೆಕಟ್ಟೆಯಲ್ಲಿ ಒಂದಷ್ಟು ಊರು ಮುಳುಗಿದವು, 1964ರ ಲಿಂಗನಮಕ್ಕಿಯಲ್ಲಿ ಆ ಅಣೆಕಟ್ಟೆಯ ಸಮೇತ ಇನ್ನಷ್ಟು. ಬೇಸಿಗೆಯಲ್ಲಿ ನೀರು ಬಹಳ ಇಳಿದ ವರ್ಷ ಅಡಿಪಾಯಗಳು ಮೇಲೇಳುತ್ತವೆ. ಒಮ್ಮೆ ಒಬ್ಬ ಹಿರಿಯರು ಜೊತೆಗೆ ಬಂದಿದ್ದರು. ಮಣ್ಣಿನ ಬಣ್ಣದ ನಾಲ್ಕು ಸಾಲು ಕಲ್ಲುಗಳ ನಡುವೆ ನಿಂತು, ಇದು ಜಗಲಿ, ಇದು ನಡುಮನೆ ಎಂದು ಹೇಳುತ್ತಾ ಹೋದರು, ತಡವರಿಸಲಿಲ್ಲ. ಏಳುವಾಗ ಮನೆಯ ತೊಲೆ, ಹೆಂಚು ಎಲ್ಲ ಬಿಚ್ಚಿಕೊಂಡು ಹೋದರಂತೆ. "ಕೊಟ್ಟಿಗೆದು ಬಿಚ್ಚಲಿಕ್ಕೆ ಹೊತ್ತಿರಲಿಲ್ಲ. ದನ ಬಿಟ್ಟು ಬಂದಿದ್ದೆವಲ್ಲ, ಅವು ಸುಮಾರು ದಿನ ಅಲ್ಲೇ ಬರ್ತಿದ್ವಂತೆ, ನೀರು ಬರೋವರೆಗೆ." ಅಂದು ನಾನು ತೆಗೆದ ಚಿತ್ರದಲ್ಲಿ ಬರೀ ಕೆಸರು, ಕಲ್ಲು, ಅವರ ಚಪ್ಪಲಿಯ ಗುರುತು ಇವೆ.

ಕಡೆಯದಾಗಿ ಒಬ್ಬ ಅಜ್ಜಿಯ ವಿಷಯ. ಒಂಟಿ ಮನೆ, ಮಗ ಸೊಸೆ ಪೇಟೆಯಲ್ಲಿ, ಕೊಟ್ಟಿಗೆಯಲ್ಲಿ ಒಂದೇ ಹಸು. ದೀಪಾವಳಿ ಕಳೆದ ವಾರ ಅಲ್ಲಿಗೆ ಹೋಗಿದ್ದೆ. ಗೋಪೂಜೆಗೆ ಎಂದು ಕೊಟ್ಟಿಗೆಯ ಗೋಡೆಗೆ ಕೆಮ್ಮಣ್ಣು ಬಳಿದು ಶೇಡಿಯಲ್ಲಿ ಚಿತ್ತಾರ ಬರೆದದ್ದು ಇನ್ನೂ ಹಸಿಯಾಗಿತ್ತು. ಒಳಗೆ ಒಂದು ಕವಲುಗಂಬ, ಕಾಡಿನಿಂದ ಹೇಗೆ ಬಂದಿತ್ತೋ ಹಾಗೆಯೇ ನೆಟ್ಟದ್ದು, ಗಾಜಿನ ಹೆಂಚಿನ ಬೆಳಕು ನೇರ ಅದರ ಮೇಲೆ. ನನ್ನ ಇಷ್ಟು ವರ್ಷಗಳ ಓಡಾಟದಲ್ಲಿ ಅಂಥ ಚಿತ್ರ ಇನ್ನೊಂದಿಲ್ಲ. ಎರಡು ವರ್ಷದ ಮೇಲೆ ದೊಡ್ಡದಾಗಿ ಮುದ್ರಿಸಿ, ಕಟ್ಟು ಹಾಕಿಸಿ, ಅಜ್ಜಿಗೆ ಕೊಡಲು ಹೋದೆ. ಕೊಟ್ಟಿಗೆಯಲ್ಲಿ ಸೌದೆ ತುಂಬಿತ್ತು.

ಅಜ್ಜಿ ಕೈ ಒರೆಸಿಕೊಂಡು ಬಂದು, ಕನ್ನಡಕ ಹಾಕಿ, ಚಿತ್ರವನ್ನು ಜಗಲಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಬೆರಳಿಂದ ಎಡಗಡೆಯ ಅಂಚನ್ನು ಒಮ್ಮೆ ಒರೆಸಿದರು, ಧೂಳಿರಬೇಕು ಎಂದುಕೊಂಡು.

"ಇದು ಗೌರಿ ಬಾಲ ಅಲ್ದಾ?"

ಬಗ್ಗಿ ನೋಡಿದೆ. ಹೌದು, ಅಂಚಿನಲ್ಲಿ ಒಂದು ಕಪ್ಪು ಕುಚ್ಚು.

"ಬಾಲ ಮಾತ್ರ ಬಂದಿದೆ," ಎಂದರು. "ಹೋದ ಆಷಾಢದಲ್ಲಿ ಹೋಯ್ತು ಅದು. ಒಂದು ಫೋಟೋನೂ ಇಲ್ಲೆ ಅದರದ್ದು." ಆಮೇಲೆ ನನಗೆ ಬೇಜಾರಾದೀತೆಂದೋ ಏನೋ, ಕಂಬ ಚೆನ್ನಾಗಿ ಬಂದಿದೆ ಎಂದು ಹೇಳಿ, ಆಸರಿಗೆ ತರಲು ಒಳಗೆ ಹೋದರು.

ರಾತ್ರಿ ಮನೆಗೆ ಬಂದು ಹಳೆಯ ಡಿಸ್ಕ್ ಹುಡುಕಿ ಆ ದಿನದ ಚಿತ್ರಗಳನ್ನು ತೆರೆದೆ. ಒಟ್ಟು ಹನ್ನೊಂದಿದ್ದವು. ಗೌರಿ ಪಕ್ಕಕ್ಕೆ ಸರಿಯುವವರೆಗೆ ಕಾದು ಕಾದು ತೆಗೆದದ್ದು ಎಂದು ಸಾಲಾಗಿ ನೋಡಿದರೆ ಯಾರಿಗಾದರೂ ತಿಳಿಯುತ್ತದೆ. ಎರಡನೆಯದರಲ್ಲಿ ಅರ್ಧ, ಐದನೆಯದರಲ್ಲಿ ಕಾಲು, ಹನ್ನೊಂದನೆಯದರಲ್ಲಿ ಆ ಬಾಲ. ಮೊದಲನೆಯದರಲ್ಲಿ ಪೂರ್ತಿ ಇದ್ದಳು, ಕೊರಳಲ್ಲಿ ಗೋಪೂಜೆಯ ಬಾಡಿದ ಚೆಂಡುಹೂವಿನ ಸರ, ಎರಡೂ ಕಿವಿ ಮುಂದೆ ಮಾಡಿ ಸೀದಾ ನನ್ನನ್ನೇ ನೋಡುತ್ತಿದ್ದಳು. ದೊಡ್ಡದು ಮಾಡಿ ನೋಡಿದೆ. ಮುಖ ಮಸುಕಾಗಿತ್ತು. ಫೋಕಸ್ ಹಿಂದಿನ ಕಂಬದ ಮೇಲಿತ್ತು.